ಉತ್ತರ ಯಾರಿಗಾಗಿ? ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಉತ್ತರಿಸುವವರ ಶ್ರಮದ ಲೆಕ್ಕ

ಗುರುತು ಪರಿಚಯವಿಲ್ಲದ ಪ್ರೋಗ್ರಾಮರ್ ಒಬ್ಬರ ಕೋಡಿನ ತೊಡಕನ್ನು ಬಿಡಿಸಲು ಇನ್ನೊಬ್ಬ ಪ್ರೋಗ್ರಾಮರ್ ಕಾಸಿನ ಆಸೆಯಿಲ್ಲದೆ ಯಾಕೆ ಕೂರಬೇಕು? ಈ ಪ್ರಶ್ನೆಗೆ ವಿದ್ವಾಂಸರು ಕೊಟ್ಟಿರುವ ಉತ್ತರಗಳು ಮುಖ್ಯವಾಗಿ ಮೂರು. ಎರಿಕ್ ರೇಮಂಡ್ 1998ರಲ್ಲಿ ಇದನ್ನು ಕೊಡುಗೆಯ ಸಂಸ್ಕೃತಿ ಎಂದು ವಿವರಿಸಿದರು. ಹೆಚ್ಚು ಕೊಟ್ಟವರಿಗೆ ಹೆಚ್ಚು ಮನ್ನಣೆ. ಅರ್ಥಶಾಸ್ತ್ರಜ್ಞರಾದ ಜೋಶ್ ಲರ್ನರ್ ಮತ್ತು ಜಾನ್ ತಿರೋಲ್ 2002ರಲ್ಲಿ ಇದೇ ಮನ್ನಣೆಯನ್ನು ಉದ್ಯೋಗ ಮಾರುಕಟ್ಟೆಗೆ ಜೋಡಿಸಿದರು. ಇಂದು ಕಾಣಿಸಿದ ಜಾಣ್ಮೆ ನಾಳೆಯ ಕೆಲಸಕ್ಕೆ ಶಿಫಾರಸು. ಕರೀಂ ಲಖಾನಿ ಮತ್ತು ಎರಿಕ್ ವಾನ್ ಹಿಪ್ಪೆಲ್ 2003ರಲ್ಲಿ ‘ರಿಸರ್ಚ್ ಪಾಲಿಸಿ’ ಪತ್ರಿಕೆಯಲ್ಲಿ ಮೂರನೆಯ ದಾರಿ ತೋರಿಸಿದರು: ಉತ್ತರಿಸುವವರಿಗೆ ಅದರಿಂದ ಕಲಿಕೆಯ ಲಾಭವಿದೆ. ಮೊದಲ ಎರಡು ವಾದಗಳ ಬಗ್ಗೆ ಇಲ್ಲಿ ತಕರಾರಿಲ್ಲ. ಅವು ಹೇಳುವ ಮಟ್ಟಿಗೆ ನಿಜ. ಚರ್ಚೆಗೆ ಎತ್ತಿಕೊಂಡಿರುವುದು ಮೂರನೆಯದನ್ನು.

ಲಖಾನಿ ಮತ್ತು ವಾನ್ ಹಿಪ್ಪೆಲ್ ಅಧ್ಯಯನ ಮಾಡಿದ್ದು ಅಪಾಚೆ ವೆಬ್ ಸರ್ವರ್ ಬಳಸುವವರು ಯೂಸ್‌ನೆಟ್ ಚರ್ಚಾಗುಂಪುಗಳಲ್ಲಿ ಪರಸ್ಪರ ನೀಡುತ್ತಿದ್ದ ನೆರವನ್ನು. ಉತ್ತರಿಸುವವರು ಅಲ್ಲಿಗೆ ಬರುವುದು ಮುಖ್ಯವಾಗಿ ಬೇರೆಯವರ ಪ್ರಶ್ನೋತ್ತರಗಳನ್ನು ಓದಿ ತಾವು ಕಲಿಯಲು; ಓದುವಾಗ ತಮಗೆ ಮೊದಲೇ ಗೊತ್ತಿರುವ ಸಂಗತಿಯೊಂದು ಎದುರಾದರೆ ಕೆಲವೇ ನಿಮಿಷಗಳಲ್ಲಿ ಉತ್ತರ ಬರೆದುಬಿಡುತ್ತಾರೆ. ಹೀಗೆ ಲೆಕ್ಕ ಹಾಕಿದಾಗ ಅವರ ಶ್ರಮದ ಶೇ. 98ರಷ್ಟು ಅವರ ಕಲಿಕೆಗೇ ನೇರವಾಗಿ ಮರಳುತ್ತದೆ ಎಂಬ ತೀರ್ಮಾನಕ್ಕೆ ಅವರು ಬಂದರು. ಉಳಿದದ್ದು ಎರಡು ಪಾಲು ಮಾತ್ರ. ಅಷ್ಟು ಅಗ್ಗದ ಕೆಲಸಕ್ಕೆ ಪರೋಪಕಾರ, ಕೀರ್ತಿ ಎಂದೆಲ್ಲ ದೊಡ್ಡ ಕಾರಣ ಹುಡುಕಬೇಕಾಗಿಲ್ಲ ಎಂಬುದು ಇದರ ಧ್ವನಿ.

ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಆ ಲೆಕ್ಕದ ಹಿಂದೆ ಒಂದು ಗ್ರಹಿಕೆಯಿದೆ: ಉತ್ತರ ಎಂಬುದು ತಲೆಯಲ್ಲಿ ಸಿದ್ಧವಾಗಿಯೇ ಇರುತ್ತದೆ, ಕೇಳಿದವರಿಗೆ ಅದನ್ನು ದಾಟಿಸುವುದಷ್ಟೇ ಕೆಲಸ. 2008ರ ಸೆಪ್ಟೆಂಬರ್‌ನಲ್ಲಿ ಜೋಯಲ್ ಸ್ಪೋಲ್ಸ್ಕಿ ಮತ್ತು ಜೆಫ್ ಆಟ್‌ವುಡ್ ಸಾರ್ವಜನಿಕರಿಗೆ ತೆರೆದ, ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣವಾದ ಸ್ಟ್ಯಾಕ್ ಓವರ್‌ಫ್ಲೋಗೆ ಈ ಗ್ರಹಿಕೆ ಹೊಂದುವುದಿಲ್ಲ. ಅಲ್ಲಿನ ಒಳ್ಳೆಯ ಉತ್ತರದ ಮುಖ್ಯ ಶ್ರಮ ಇರುವುದು ಪ್ರಶ್ನೆಯನ್ನು ತಿದ್ದಿ ಕಟ್ಟುವುದರಲ್ಲಿ. ಆ ಶ್ರಮದ ಗುರಿ ಕೇಳಿದವರಿಗಿಂತ ಹೆಚ್ಚಾಗಿ ಮುಂದೆ ಎಂದೋ ಅದೇ ತೊಡಕಿನಲ್ಲಿ ಹುಡುಕಿಕೊಂಡು ಬರುವ ಅಪರಿಚಿತ ಓದುಗರು. ಇದು ಈ ಲೇಖನದ ವಾದ.

ಉದಾಹರಣೆಗಾಗಿ ಒಂದು ಪ್ರಶ್ನೆಯನ್ನು ಕಟ್ಟಿಕೊಳ್ಳೋಣ. ಪೈಥಾನ್‌ನಲ್ಲಿ ‘ಕನ್ನಡ’ ಎಂಬ ಪದದ ಉದ್ದ ಕೇಳಿದರೆ 5 ಎಂದು ಬರುತ್ತದೆ. ಮೂರು ಅಕ್ಷರಗಳ ಪದಕ್ಕೆ ಐದು ಹೇಗೆ? ‘ಪೈಥಾನ್ ಅಕ್ಷರಗಳನ್ನಲ್ಲ, ಯೂನಿಕೋಡ್ ಕೋಡ್ ಪಾಯಿಂಟ್‌ಗಳನ್ನು ಎಣಿಸುತ್ತದೆ’ ಎಂದು ಬರೆದರೆ ಕೇಳಿದ್ದಕ್ಕೆ ಉತ್ತರವಾಯಿತು. ಇದು ಲಖಾನಿ–ವಾನ್ ಹಿಪ್ಪೆಲ್ ಲೆಕ್ಕದ ಎರಡು ನಿಮಿಷದ ಉತ್ತರ. ಅನುಭವಸ್ಥರು ಇಲ್ಲಿಗೆ ನಿಲ್ಲಿಸುವುದಿಲ್ಲ. ಕ, ನ, ವಿರಾಮ, ನ, ಡ ಎಂದು ಐದನ್ನೂ ಬಿಡಿಸಿ ತೋರಿಸುತ್ತಾರೆ. ಅದೇ ಪದ ಯುಟಿಎಫ್-8ರಲ್ಲಿ 15 ಬೈಟ್ ಆಗುವುದನ್ನು ಹೇಳುತ್ತಾರೆ. ಆಮೇಲೆ ನಿಜವಾದ ಪ್ರಶ್ನೆಗೆ ಬರುತ್ತಾರೆ: ಈ ಉದ್ದ ನಿಮಗೆ ಬೇಕಾಗಿರುವುದು ಯಾತಕ್ಕೆ? ಡೇಟಾಬೇಸಿನಲ್ಲಿ ಜಾಗ ನಿಗದಿಪಡಿಸಲಿಕ್ಕಾದರೆ ಬೈಟ್ ನೋಡಬೇಕಾಗಬಹುದು. ತೆರೆಯ ಮೇಲೆ ಉದ್ದನೆಯ ಶೀರ್ಷಿಕೆಯನ್ನು ಕತ್ತರಿಸಲಿಕ್ಕಾದರೆ ಕೋಡ್ ಪಾಯಿಂಟ್ ನಂಬುವಂತಿಲ್ಲ, ಏಕೆಂದರೆ ಮೊದಲ ಮೂರನ್ನು ಕತ್ತರಿಸಿಕೊಂಡರೆ ಉಳಿಯುವುದು ‘ಕನ್’. ಕೇಳಿದವರು ಇದರಲ್ಲಿ ಯಾವುದನ್ನೂ ಕೇಳಿರಲಿಲ್ಲ. ಆದರೆ ತೆಲುಗಿನಲ್ಲೋ ಮಲಯಾಳದಲ್ಲೋ ಅದೇ ತೊಡಕಿಗೆ ಸಿಕ್ಕಿಕೊಂಡು ಬರುವವರಿಗೆ ಬೇಕಾಗುವುದು ಈ ಎರಡನೆಯ ಭಾಗವೇ.

ನೈಜ ನಿದರ್ಶನವೂ ಇದೆ. 2012ರಲ್ಲಿ ಒಬ್ಬರು ಕೇಳಿದ, ಇಂದಿಗೂ ಆ ತಾಣದ ಅತಿ ಪ್ರಸಿದ್ಧ ಪ್ರಶ್ನೆಗಳಲ್ಲೊಂದು: ಸಿ++ನ ಒಂದೇ ಲೂಪ್, ಕ್ರಮವಾಗಿ ಜೋಡಿಸಿದ ಅರೇ ಮೇಲೆ 1.93 ಸೆಕೆಂಡಿನಲ್ಲಿ ಮುಗಿಯುತ್ತದೆ, ಜೋಡಿಸದಿದ್ದರೆ 11.54 ಸೆಕೆಂಡ್ ಬೇಕು, ಯಾಕೆ? ಉತ್ತರದ ತಿರುಳು ಒಂದು ಸಾಲಿನದು: ಪ್ರೊಸೆಸರ್ ಮುಂದಿನ ಕವಲನ್ನು ಮೊದಲೇ ಊಹಿಸುತ್ತದೆ, ಜೋಡಿಸದ ಅಂಕಿಗಳ ಮೇಲೆ ಆ ಊಹೆ ಮತ್ತೆಮತ್ತೆ ತಪ್ಪುತ್ತದೆ. ಅಲ್ಲಿ ಮೆಚ್ಚುಗೆ ಪಡೆದ ಉತ್ತರ ಅಷ್ಟಕ್ಕೆ ನಿಲ್ಲದೆ, ರೈಲು ಕವಲುದಾರಿಯ ಹೋಲಿಕೆಯಿಂದ ಆರಂಭಿಸಿ, ಕವಲೇ ಇಲ್ಲದಂತೆ ಅದೇ ಲೂಪನ್ನು ತಿದ್ದಿ ಬರೆದು, ಬೇರೆ ಬೇರೆ ಕಂಪೈಲರ್‌ಗಳು ಹೇಗೆ ನಡೆದುಕೊಳ್ಳುತ್ತವೆಂಬುದನ್ನು ನಂತರದ ಪರಿಷ್ಕರಣೆಗಳಲ್ಲಿ ಸೇರಿಸಿಕೊಂಡಿತು. ಕೇಳಿದವರ ಕುತೂಹಲ ಮೊದಲ ಕೆಲವು ಪರಿಚ್ಛೇದಗಳಲ್ಲೇ ತಣಿದಿರಬಹುದು. ಮುಂದಿನದು ಬೇರೆಯವರಿಗೆ.

ಒಂದೆರಡು ಉತ್ತರಗಳ ಸೊಗಸಿನಿಂದ ಸಾಮಾನ್ಯ ತೀರ್ಮಾನಕ್ಕೆ ಬರಲಾಗದು. ಗಟ್ಟಿ ಸಾಕ್ಷ್ಯ ಇರುವುದು ತಾಣದ ನಿಯಮಗಳಲ್ಲಿ. ಸ್ವಂತ ಪ್ರಶ್ನೆ ಕೇಳಿ ಸ್ವತಃ ಉತ್ತರಿಸುವುದಕ್ಕೆ ಅಲ್ಲಿ ಅವಕಾಶ ಮಾತ್ರವಲ್ಲ, ಉತ್ತೇಜನವೂ ಇದೆ. ಕೇಳಿದವರಿಗೆ ನೆರವಾಗುವುದೇ ಉದ್ದೇಶವಾಗಿದ್ದರೆ ಇದಕ್ಕೆ ಅರ್ಥವಿಲ್ಲ. ಪ್ರಶ್ನೆ ಬಂದು 60 ದಿನ ಕಳೆದ ಮೇಲೆ ಉತ್ತರಿಸಿ 5 ವೋಟು ಗಳಿಸಿದವರಿಗೆ ‘ನೆಕ್ರೊಮ್ಯಾನ್ಸರ್’ ಬ್ಯಾಡ್ಜ್ ಕೊಡುತ್ತಾರೆ. ಅಷ್ಟರಲ್ಲಿ ಕೇಳಿದವರು ಬಹುತೇಕ ಬೇರೆ ಕೆಲಸಕ್ಕೆ ಹೋಗಿರುತ್ತಾರೆ. 2,000 ರೆಪ್ಯುಟೇಶನ್ ಅಂಕ ಇರುವ ಯಾರೇ ಆಗಲಿ ಇನ್ನೊಬ್ಬರ ಪ್ರಶ್ನೆಯನ್ನೂ ಉತ್ತರವನ್ನೂ ನೇರವಾಗಿ ತಿದ್ದಬಹುದು. ಕೇಳಿದವರು ಟಿಕ್ ಹಾಕಿ ಒಪ್ಪಿದ ಉತ್ತರ ಮೊದಲೆಲ್ಲ ತಂತಾನೇ ಮೇಲೆ ನಿಲ್ಲುತ್ತಿತ್ತು. 2021ರಲ್ಲಿ ಆ ಸ್ಥಾನವನ್ನು ತೆಗೆದು ವೋಟಿನ ಕ್ರಮಕ್ಕೆ ಬಿಟ್ಟರು. ಕೇಳಿದವರ ತೃಪ್ತಿಗಿಂತ ಓದುಗರ ತೀರ್ಪು ಮೇಲು ಎಂದು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ. ಆ್ಯಶ್ಟನ್ ಆ್ಯಂಡರ್ಸನ್, ಜಾನ್ ಕ್ಲೈನ್‌ಬರ್ಗ್ ಮತ್ತು ಸಂಗಡಿಗರು 2012ರಲ್ಲೇ, ಬಿಡಿ ಉತ್ತರದ ಬದಲು ಪ್ರಶ್ನೆ ಮತ್ತು ಅದರ ಎಲ್ಲ ಉತ್ತರಗಳನ್ನು ಒಂದು ಘಟಕವಾಗಿ ನೋಡಿ ಅದರ ದೀರ್ಘಕಾಲದ ಮೌಲ್ಯವನ್ನು ಅಳೆಯಬೇಕೆಂದು ಸೂಚಿಸಿದ್ದರು. ಅವರ ಗಮನ ಆ ಘಟಕದ ಮೌಲ್ಯದ ಮೇಲಿತ್ತು. ಅದೇ ನೋಟವನ್ನು ಬರೆಯುವವರ ಉದ್ದೇಶದ ಕಡೆಗೆ ತಿರುಗಿಸಿದರೆ ಇಲ್ಲಿನ ವಾದ ಸಿಗುತ್ತದೆ.

ಇದಕ್ಕೆ ಎರಡು ಪ್ರಬಲ ಆಕ್ಷೇಪಗಳಿವೆ. ಮೊದಲನೆಯದು ವೇಗ. ಲೆನಾ ಮಾಮಿಕಿನಾ ಮತ್ತು ಸಂಗಡಿಗರ 2011ರ ಅಧ್ಯಯನದಂತೆ, ಅಲ್ಲಿನ ಶೇ. 92ಕ್ಕೂ ಹೆಚ್ಚು ಪ್ರಶ್ನೆಗಳಿಗೆ ಉತ್ತರ ಸಿಗುತ್ತಿತ್ತು; ಮೊದಲ ಉತ್ತರಕ್ಕೆ ಹಿಡಿಯುತ್ತಿದ್ದ ಮಧ್ಯಮಾಂಕ ಸಮಯ 11 ನಿಮಿಷ. ಹನ್ನೊಂದು ನಿಮಿಷದಲ್ಲಿ ಬರೆದದ್ದು ಯಾವ ಭವಿಷ್ಯದ ಓದುಗರಿಗೆ ಎಂದು ಕೇಳಬಹುದು. ಆದರೆ ಈ ಅಂಕಿ ಹೇಳುವುದು ಮೊದಲ ಉತ್ತರ ಬಂದ ಹೊತ್ತನ್ನು. ಉತ್ತರ ಪಕ್ವವಾದ ಹೊತ್ತನ್ನಲ್ಲ. ಮೊದಲು ನಾಲ್ಕು ಸಾಲು ಹಾಕಿ ಜಾಗ ಹಿಡಿದು, ಆಮೇಲೆ ತಿದ್ದುತ್ತ ಬೆಳೆಸುವ ರೂಢಿ ಅಲ್ಲಿ ಎಲ್ಲರಿಗೂ ಗೊತ್ತಿರುವಂಥದ್ದು. ಹಾಗಾಗಿ ಈ ಅಂಕಿ ಈ ವಾದವನ್ನು ಮುರಿಯುವುದಿಲ್ಲ. ಹಾಗೆಂದು ಬೆಂಬಲಿಸುವುದೂ ಇಲ್ಲ.

ಎರಡನೆಯ ಆಕ್ಷೇಪ ಅಂಕಗಳದ್ದು. ಉತ್ತರಕ್ಕೆ ಬಿದ್ದ ಒಂದು ವೋಟಿಗೆ 10, ಟಿಕ್‌ಗೆ 15 ಅಂಕ. ಓದುಗರ ವೋಟಿಗಾಗಿಯೇ ಓದುಗರಿಗೆ ಬರೆಯುತ್ತಾರೆ ಎಂದರೆ ಮುಗಿಯಿತಲ್ಲವೆ? ಇಲ್ಲಿ ನಿಯಮದ ಒಂದು ಸೂಕ್ಷ್ಮವನ್ನು ಗಮನಿಸಬೇಕು. ವೋಟಿನಿಂದ ದಿನಕ್ಕೆ 200ಕ್ಕಿಂತ ಹೆಚ್ಚು ಅಂಕ ದಕ್ಕುವುದಿಲ್ಲ. ಟಿಕ್‌ಗೂ ಬೌಂಟಿಗೂ (ಉತ್ತರಕ್ಕಾಗಿ ಇನ್ನೊಬ್ಬರು ತಮ್ಮ ಅಂಕಗಳಿಂದ ಕೊಡುವ ಬಹುಮಾನ) ಈ ಮಿತಿಯಿಲ್ಲ. ಅಲ್ಲಿ ಉತ್ತರಿಸುವವರಲ್ಲೊಬ್ಬರಾದ ಜಾನ್ ಸ್ಕೀಟ್ 2018ರ ಜನವರಿಯಲ್ಲಿ ಹತ್ತು ಲಕ್ಷ ಅಂಕ ಮುಟ್ಟಿದ ಮೊದಲಿಗರಾದರು. ತಾಣ ತೆರೆದಂದಿನಿಂದ ಅಲ್ಲಿಯವರೆಗೆ ಸುಮಾರು 3,400 ದಿನ. ಒಂದು ದಿನವೂ ಬಿಡದೆ ಮಿತಿ ಮುಟ್ಟಿದ್ದರೂ ವೋಟಿನಿಂದ ಸಿಗಬಹುದಾದದ್ದು 6,80,000 ಅಂಕ. ಅಂದರೆ ಕನಿಷ್ಠ ಮೂರು ಲಕ್ಷ ಅಂಕ ಮಿತಿಯ ಹೊರಗಿನಿಂದ ಬಂದಿರಲೇಬೇಕು. ಹಳೆಯ ಉತ್ತರಗಳಿಗೆ ದಿನವೂ ವೋಟು ಬೀಳುತ್ತಿರುವ ಇಂಥ ಹಿರಿಯರಿಗೆ ಹೊಸ ಉತ್ತರದ ಮೇಲಿನ ಓದುಗರ ವೋಟು ಹೆಚ್ಚುಕಡಿಮೆ ನಿರರ್ಥಕ; ಅಂಕ ತರಬಲ್ಲದ್ದು ಮುಖ್ಯವಾಗಿ ಕೇಳಿದವರ ಟಿಕ್. ಅಂಕವೇ ಗುರಿಯಾಗಿದ್ದರೆ ಅವರು ಕೇಳಿದವರನ್ನಷ್ಟೇ ತೃಪ್ತಿಪಡಿಸುವ ಚುಟುಕು ಉತ್ತರಗಳತ್ತ ವಾಲಬೇಕಿತ್ತು. ವಾಲದೆ ಉಳಿದವರು ಎಷ್ಟು ಮಂದಿ ಎಂಬುದನ್ನು ಅಂಕಪಟ್ಟಿ ಹೇಳಲಾರದು. ಉತ್ತರಗಳ ಪಠ್ಯವನ್ನೇ ಓದಬೇಕು.

ವಾದದ ಮಿತಿಗಳನ್ನೂ ಹೇಳಬೇಕು. ಎಲ್ಲ ಉತ್ತರಗಳೂ ಮುಂದಿನ ಓದುಗರಿಗೆ ಎಂದು ನಾನು ಹೇಳುತ್ತಿಲ್ಲ. ಸೆಮಿಕೋಲನ್ ಮರೆತವರಿಗೆ ಸೆಮಿಕೋಲನ್ ತೋರಿಸಿ ಹೋಗುವ ಉತ್ತರಗಳು ಅಸಂಖ್ಯ. ಒಬ್ಬರೇ ಬೆಳಗ್ಗೆ ಒಂದು ಬಗೆಯದನ್ನೂ ಸಂಜೆ ಇನ್ನೊಂದು ಬಗೆಯದನ್ನೂ ಬರೆಯಬಹುದು. ನಿಯಮಗಳು ತಾಣ ನಡೆಸುವವರ ಉದ್ದೇಶವನ್ನು ತೋರಿಸುತ್ತವೆ. ಬರೆಯುವವರ ಮನಸ್ಸನ್ನು ಅವುಗಳಿಂದ ನೇರವಾಗಿ ಓದಲಾಗದು. ಯೂಸ್‌ನೆಟ್ ಕಾಲಕ್ಕೆ ಲಖಾನಿ ಮತ್ತು ವಾನ್ ಹಿಪ್ಪೆಲ್ ಕಂಡದ್ದು ಸರಿಯಾಗಿಯೇ ಇದ್ದಿರಬಹುದು. ನನ್ನ ಮಾತು ಇಷ್ಟೇ: ಉಳಿಯುವ, ಹುಡುಕಿದರೆ ಸಿಗುವ, ಇತರರು ತಿದ್ದಬಹುದಾದ ಉತ್ತರಕ್ಕೆ ಆ ಶೇ. 98ರ ಲೆಕ್ಕವನ್ನು ಎತ್ತಿ ಅಂಟಿಸಲಾಗದು.

ಈ ನೋಟದಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಒಂದು, ಹೊಸಬರ ದೂರು. ‘ಈ ಪ್ರಶ್ನೆಯನ್ನು ಈಗಾಗಲೇ ಕೇಳಲಾಗಿದೆ’ ಎಂದು ಬಾಗಿಲು ಹಾಕಿಸಿಕೊಂಡವರ ಅಸಮಾಧಾನ ಎಷ್ಟಿತ್ತೆಂದರೆ, ತಮ್ಮಲ್ಲಿ ಹೊಸಬರಿಗೆ ಆದರದ ಸ್ವಾಗತವಿಲ್ಲ ಎಂದು ಸಂಸ್ಥೆಯೇ 2018ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡಿತು. ಇದನ್ನು ಬರೀ ಒರಟುತನ ಎಂದು ತಳ್ಳಿಹಾಕುವಂತಿಲ್ಲ. ಮುಂದಿನ ಓದುಗರಿಗೆ ಒಂದೇ ಕಡೆ ಒಳ್ಳೆಯ ಉತ್ತರ ಸಿಗಬೇಕೆಂಬ ಹಟದ ಬೆಲೆಯನ್ನು ಇಂದು ಕೇಳಿದವರು ತೆರುತ್ತಾರೆ. ಎರಡು, ಚಾಟ್‌ಜಿಪಿಟಿ. 2022ರ ಡಿಸೆಂಬರ್‌ನಲ್ಲಿ ಅದರಿಂದ ಬರೆಸಿದ ಉತ್ತರಗಳನ್ನು ತಾಣ ನಿಷೇಧಿಸಿತು. ಮರಿಯಾ ಡೆಲ್ ರಿಯೊ-ಚನೋನಾ ಮತ್ತು ಸಂಗಡಿಗರು 2024ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಚಾಟ್‌ಜಿಪಿಟಿ ಬಂದ ಆರು ತಿಂಗಳೊಳಗೆ ಸ್ಟ್ಯಾಕ್ ಓವರ್‌ಫ್ಲೋ ಚಟುವಟಿಕೆ, ಹೋಲಿಕೆಗೆ ತೆಗೆದುಕೊಂಡ ಇತರ ತಾಣಗಳಿಗಿಂತ, ಶೇ. 25ರಷ್ಟು ಕುಸಿಯಿತು. ಉತ್ತರ ಕೇಳಿದವರಿಗೆ ಮಾತ್ರ ಎಂದಾದರೆ ಇದರಲ್ಲಿ ನಷ್ಟವೇನೂ ಇಲ್ಲ. ಅವರಿಗೆ ಇನ್ನೂ ಬೇಗ ಉತ್ತರ ಸಿಗುತ್ತಿದೆ. ಓದುಗರಿಗೆ ಎಂದಾದರೆ ನಷ್ಟ ದೊಡ್ಡದು, ಏಕೆಂದರೆ ಯಂತ್ರದೊಡನೆ ನಡೆದ ಖಾಸಗಿ ಸಂವಾದ ಮೂರನೆಯವರ ಕಣ್ಣಿಗೆ ಬೀಳುವುದಿಲ್ಲ, ತಪ್ಪಿದ್ದರೆ ಯಾರೂ ತಿದ್ದುವುದಿಲ್ಲ.

ತೀರ್ಮಾನಿಸದೆ ಉಳಿದಿರುವುದು ಬಹಳ. ಒಂದು ಉತ್ತರದಲ್ಲಿ ಕೇಳಿದ್ದಕ್ಕೆ ಮೀಸಲಾದ ಭಾಗ ಎಷ್ಟು, ಮೀರಿದ್ದು ಎಷ್ಟು ಎಂದು ಅಳೆಯುವ ಒಪ್ಪಿತ ಮಾನದಂಡ ಬೇಕಾಗಿದೆ. ಸ್ಟ್ಯಾಕ್ ಓವರ್‌ಫ್ಲೋಗೆ ಪೋರ್ಚುಗೀಸ್, ರಷ್ಯನ್, ಸ್ಪ್ಯಾನಿಷ್, ಜಪಾನಿ ಭಾಷೆಗಳಲ್ಲಿ ಪ್ರತ್ಯೇಕ ತಾಣಗಳಿವೆ. ಕನ್ನಡವೂ ಸೇರಿ ಭಾರತದ ಯಾವ ಭಾಷೆಗೂ ಇಲ್ಲ. ಬೆಂಗಳೂರಿನ ಪ್ರೋಗ್ರಾಮರ್‌ಗಳು ಕಚೇರಿಯಲ್ಲಿ ಪಕ್ಕದ ಕುರ್ಚಿಯವರಿಗೆ ಕನ್ನಡದಲ್ಲಿ ಬಿಡಿಸಿ ಹೇಳುವ ಉತ್ತರಕ್ಕೂ ಅವರೇ ಅಲ್ಲಿ ಇಂಗ್ಲಿಷಿನಲ್ಲಿ ಬರೆಯುವ ಉತ್ತರಕ್ಕೂ ಇರುವ ಅಂತರವನ್ನು ಪರಿಶೀಲಿಸಿದರೆ, ಕೇಳುವವರು ಮತ್ತು ಓದುವವರು ಎಂಬ ಭೇದ ಎಲ್ಲಿ ಹುಟ್ಟುತ್ತದೆಂಬುದು ತಿಳಿದೀತು. ಅಲ್ಲಿ ಬರೆದದ್ದೆಲ್ಲ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿದೆ, ಪ್ರತಿ ತಿದ್ದುಪಡಿಯ ಚರಿತ್ರೆಯೂ ತೆರೆದಿದೆ. ನಮ್ಮ ವಿಶ್ವವಿದ್ಯಾಲಯಗಳ ಸಂಶೋಧಕರು ಈ ಸಾಮಗ್ರಿಯನ್ನು ಎತ್ತಿಕೊಳ್ಳಬೇಕು. ಇಲ್ಲಿನ ವಾದ ನಿಲ್ಲುವುದೋ ಬೀಳುವುದೋ ಆ ಪರೀಕ್ಷೆಯಿಂದ ನಿರ್ಧಾರವಾಗಲಿ.