ಕಿಟಕಿ ಬೆಳಕಿನ ಮುಖಚಿತ್ರ: ಮೌಂಟ್ ರೋಡಿನಿಂದ ಪೆರುಂಗುಡಿಗೆ

ಎದೆಯಿಂದ ಮೇಲಕ್ಕೆ ಮುಖ, ಹಿಂದೆ ಸಾದಾ ಪರದೆ, ಕ್ಯಾಮೆರಾದತ್ತ ನೇರ ನೋಟ. ನೌಕರಿಯ ಅರ್ಜಿಗೂ ಗುರುತಿನ ಚೀಟಿಗೂ ಲಿಂಕ್ಡ್‌ಇನ್ ಪುಟಕ್ಕೂ ಬೇಕಾಗುವ ಭಾವಚಿತ್ರದ ಅಚ್ಚು ಇದು. ಮದರಾಸಿನಲ್ಲಿ, ಅಂದರೆ ಇಂದಿನ ಚೆನ್ನೈಯಲ್ಲಿ, ಇದು ಮೌಂಟ್ ರೋಡಿನ ಸ್ಟುಡಿಯೊಗಳಲ್ಲಿ ಬೇರೂರಿತು. ಈಗ ನಗರದ ದಕ್ಷಿಣ ತುದಿಯ ಪೆರುಂಗುಡಿಯಂಥ ಬಡಾವಣೆಗಳಲ್ಲಿ ಮನೆಯ ಗೋಡೆಯ ಮುಂದೆ, ಮೊಬೈಲಿನಲ್ಲೇ ತಯಾರಾಗುತ್ತದೆ. ನಡುವಿನ ಒಂದೂವರೆ ಶತಮಾನದಲ್ಲಿ ಯಂತ್ರ ಬದಲಾಗಿದೆ, ಚಿತ್ರ ಬೇಡುವ ಕಚೇರಿಗಳು ಬದಲಾಗಿವೆ. ಮುಖದ ಮೇಲೆ ಬೆಳಕು ಹೇಗೆ ಬೀಳಬೇಕು ಎಂಬ ಲೆಕ್ಕ ಮಾತ್ರ ಹೆಚ್ಚೇನೂ ಬದಲಾಗಿಲ್ಲ.

ಮದರಾಸು ಛಾಯಾಗ್ರಹಣಕ್ಕೆ ಬೇಗನೆ ಒಲಿದ ಊರು. 1856ರಲ್ಲಿ ಲೀನಿಯಸ್ ಟ್ರೈಪ್ ಮದರಾಸು ಸರ್ಕಾರದ ಛಾಯಾಗ್ರಾಹಕನಾಗಿ ನೇಮಕಗೊಂಡ. ಅದೇ ಸುಮಾರಿಗೆ ನಗರದಲ್ಲಿ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿತು. ಟ್ರೈಪ್ ಹೆಚ್ಚಾಗಿ ತೆಗೆದದ್ದು ಮಧುರೈ, ತಂಜಾವೂರುಗಳ ದೇವಾಲಯಗಳನ್ನು. ಮುಖದ ವ್ಯಾಪಾರ ನಡೆಸಿದವರು ನಿಕೊಲಸ್ ಸೋದರರು, ಆಮೇಲೆ ಮೌಂಟ್ ರೋಡಿನಲ್ಲಿ ಅಂಗಡಿಯಿಟ್ಟ ಜರ್ಮನ್ನರಾದ ವೀಲೆ ಮತ್ತು ಕ್ಲೈನ್. ಬೆಂಗಳೂರು ದಂಡು ಪ್ರದೇಶದಲ್ಲಿ ಬಾರ್ಟನ್ ಸನ್ ಕಂಪನಿ ಇದೇ ಕೆಲಸ ಮಾಡುತ್ತಿತ್ತು. ಇವರೆಲ್ಲರ ಮುಖ್ಯ ಸರಕು ಅಂಗೈಯಗಲದ ಭಾವಚಿತ್ರದ ಕಾರ್ಡು. ಪ್ಯಾರಿಸ್ಸಿನ ದಿಸ್ದೇರಿ 1854ರಲ್ಲಿ ಪೇಟೆಂಟ್ ಪಡೆದ ಈ ವಿಧಾನದಲ್ಲಿ ಒಂದೇ ಗಾಜಿನ ತಟ್ಟೆಯ ಮೇಲೆ ಹಲವು ಚಿತ್ರ ಮೂಡುತ್ತಿದ್ದವು. ಹಾಗಾಗಿ ಬೆಲೆ ಇಳಿಯಿತು, ಮುಖಚಿತ್ರವನ್ನು ನೆಂಟರಿಷ್ಟರಿಗೆ ಹಂಚುವ ರೂಢಿ ಬಂತು.

ವಿದ್ಯುತ್ ಇಲ್ಲದ ಆ ಕಾಲದಲ್ಲಿ ಸ್ಟುಡಿಯೊ ಎಂದರೆ ಗಾಜಿನ ಮಾಡು, ಗಾಜಿನ ಗೋಡೆ. ಗಾಜು ಉತ್ತರಕ್ಕೆ ಇರಬೇಕೆಂಬುದು ಯುರೋಪಿನಿಂದ ಬಂದ ನಿಯಮ. ಅಲ್ಲಿ ಉತ್ತರದ ಕಿಟಕಿಯಿಂದ ನೇರ ಬಿಸಿಲು ಬರುವುದು ತೀರಾ ಕಡಿಮೆ. ಹದಿಮೂರು ಡಿಗ್ರಿ ಅಕ್ಷಾಂಶದ ಮದರಾಸಿನಲ್ಲಿ ಆ ನಿಯಮ ವರ್ಷಪೂರ್ತಿ ಸಲ್ಲುವುದಿಲ್ಲ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೇ ವಾರದವರೆಗೆ ಇಲ್ಲಿ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಬೇಸಿಗೆಯಲ್ಲಿ ಉತ್ತರದ ಗಾಜಿಗೂ ಪರದೆ ಎಳೆಯದೆ ಗತಿಯಿಲ್ಲ. ಹೆಚ್ಚುಕಡಿಮೆ ಅದೇ ಅಕ್ಷಾಂಶದಲ್ಲಿರುವ ಬೆಂಗಳೂರಿಗೂ ಈ ಮಾತು ಅನ್ವಯಿಸುತ್ತದೆ.

ಕುಳಿತವರ ಪಾಡೂ ಸುಲಭದ್ದಲ್ಲ. ರಸಾಯನ ಲೇಪಿಸಿದ ಅಂದಿನ ಹಸಿ ಕೊಲೋಡಿಯನ್ ಗಾಜಿನ ತಟ್ಟೆಗೆ ಹಲವು ಸೆಕೆಂಡುಗಳ ಬೆಳಕು ಬೇಕಿತ್ತು. ತಲೆ ಅಲುಗದಂತೆ ಹಿಂದಿನಿಂದ ಕಬ್ಬಿಣದ ಹಿಡಿಕೆ ಆನಿಸುತ್ತಿದ್ದರು. ಹಳೆಯ ಚಿತ್ರಗಳ ಬಿಗಿದ ಮುಖಕ್ಕೆ ಗಾಂಭೀರ್ಯಕ್ಕಿಂತ ಈ ಹಿಡಿಕೆಯೇ ಹೆಚ್ಚು ಕಾರಣವಿರಬೇಕು. ಆ ತಟ್ಟೆಗೆ ನೀಲಿ ಬೆಳಕು ಕಾಣುತ್ತಿತ್ತು, ಕೆಂಪು ಕಾಣುತ್ತಿರಲಿಲ್ಲ. ಹಣೆಯ ಕುಂಕುಮ ಕಪ್ಪಾಗಿ ಮೂಡುತ್ತಿತ್ತು, ಗೋಧಿ ಬಣ್ಣದ ಮುಖವೂ ಇದ್ದದ್ದಕ್ಕಿಂತ ಕಪ್ಪಾಗುತ್ತಿತ್ತು. ಪೌಡರು ಬಳಿಯುವ ಚಾಳಿಯ ಹಿಂದೆ ಅಂದಚಂದದ ಆಸೆಯಷ್ಟೇ ಅಲ್ಲ, ರಸಾಯನದ ಈ ಕುರುಡೂ ಇದೆ. ಇದು ಸಾಲದೆಂಬಂತೆ, ಫೋಟೋ ತೆಗೆಸಿಕೊಂಡರೆ ಆಯಸ್ಸು ಕಡಿಮೆಯಾಗುತ್ತದೆ ಎಂಬ ನಂಬಿಕೆ ಕನ್ನಡ ನಾಡಿನಲ್ಲೂ ತಮಿಳು ನಾಡಿನಲ್ಲೂ ಬಹಳ ಕಾಲ ಉಳಿದಿತ್ತು.

ಮುಖಚಿತ್ರವನ್ನು ಕಡತಕ್ಕೆ ಸೇರಿಸಿದ್ದು ಸರ್ಕಾರ. ಮದರಾಸು ಮ್ಯೂಸಿಯಮ್ಮಿನ ಮುಖ್ಯಸ್ಥ ಎಡ್ಗರ್ ಥರ್ಸ್ಟನ್ ಜನರ ತಲೆಬುರುಡೆ ಅಳೆದು, ಮುಖಗಳ ಚಿತ್ರ ತೆಗೆಸಿ, 1909ರಲ್ಲಿ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಮೇಲೆ ಏಳು ಸಂಪುಟ ಹೊರತಂದ. ಅಲ್ಲಿ ಮುಖಕ್ಕಿಂತ ಮುಖದ ವರ್ಗಕ್ಕೆ ಬೆಲೆ. ಮೊದಲ ಮಹಾಯುದ್ಧದ ಹೊತ್ತಿಗೆ ಪಾಸ್‌ಪೋರ್ಟಿಗೆ ಫೋಟೋ ಕಡ್ಡಾಯವಾಗತೊಡಗಿತು. ಭಾರತದ ಪಾಸ್‌ಪೋರ್ಟ್ ಕಾಯಿದೆ 1920ರಲ್ಲಿ ಬಂತು. ‘ಪಾಸ್‌ಪೋರ್ಟ್ ಸೈಜ್’ ಎಂಬ ಮಾತು ಹಡಗು ಹತ್ತದವರ ಬಾಯಲ್ಲೂ ನೆಲೆಯಾದದ್ದು ಹೀಗೆ.

ಸ್ವಾತಂತ್ರ್ಯದ ನಂತರದ ದಶಕಗಳು ಬೀದಿಬೀದಿಯ ಸ್ಟುಡಿಯೊಗಳ ಕಾಲ. ಒಳಗೆ ಒಂದು ಕನ್ನಡಿ, ಬಾಚಣಿಗೆ, ಪೌಡರ್ ಡಬ್ಬಿ. ಗೂಟಕ್ಕೆ ನೇತುಹಾಕಿದ ಕೋಟು, ಗಂಟು ಬಿಚ್ಚದ ಟೈ. ಕೋಟು ದೊಡ್ಡದಾದರೆ ಬೆನ್ನ ಹಿಂದೆ ಪಿನ್ನು ಚುಚ್ಚಿದರಾಯಿತು, ಚಿತ್ರದಲ್ಲಿ ಬೆನ್ನು ಕಾಣುವುದಿಲ್ಲವಲ್ಲ. ನಿಜವಾದ ಕೈಚಳಕ ಇದ್ದದ್ದು ಟಚಪ್ ಮೇಜಿನಲ್ಲಿ. ಮುಖದ ಗುಳಿ, ಕಲೆ, ಕಣ್ಣ ಕೆಳಗಿನ ಕಪ್ಪು ನೆಗೆಟಿವ್‌ನಲ್ಲಿ ತೆಳುವಾಗಿ, ಪಾರದರ್ಶಕವಾಗಿ ಕಾಣುತ್ತವೆ. ನೆಗೆಟಿವ್‌ಗೆ ತೆಳುವಾದ ವಾರ್ನಿಶ್ ಸವರಿ, ಸೂಜಿಯಂತೆ ಚೂಪು ಮಾಡಿದ ಪೆನ್ಸಿಲ್ಲಿನಿಂದ ಆ ಜಾಗಗಳನ್ನು ಚುಕ್ಕಿಚುಕ್ಕಿಯಾಗಿ ತುಂಬಿದರೆ ಪ್ರಿಂಟಿನಲ್ಲಿ ಅವು ಬೆಳ್ಳಗಾಗುತ್ತವೆ. ಸಿಡುಬಿನ ಕಲೆ ಸಾಮಾನ್ಯವಾಗಿದ್ದ ದಿನಗಳಲ್ಲಿ ಈ ಕೆಲಸಕ್ಕೆ ಬಿಡುವಿರಲಿಲ್ಲ. ಅದರಲ್ಲೂ ಜಾತಕದ ಜೊತೆ ಕಳಿಸುವ ಹುಡುಗಿಯ ಫೋಟೋಗೆ. ಮದರಾಸಿನಲ್ಲಿ ಇನ್ನೊಂದು ಗಿರಾಕಿ ವರ್ಗವೂ ಇತ್ತು. 1954ರ ‘ಬೇಡರ ಕಣ್ಣಪ್ಪ’ದ ಕಾಲದಿಂದ ದಶಕಗಳ ಕಾಲ ಕನ್ನಡ ಚಿತ್ರರಂಗ ಕೋಡಂಬಾಕ್ಕಂನ ಸುತ್ತಲಿನ ಸ್ಟುಡಿಯೊಗಳನ್ನೇ ನಂಬಿತ್ತು. ಅವಕಾಶ ಹುಡುಕಿ ಬಂದವರ ಕೈಯಲ್ಲಿ ಫೋಟೋ ಆಲ್ಬಂ ಇರಲೇಬೇಕಿತ್ತು.

ಫಿಲ್ಮ್ ಕೂಡ ಮನೆಯದೇ ಆಯಿತು: 1960ರಲ್ಲಿ ಊಟಿಯಲ್ಲಿ ಸ್ಥಾಪನೆಯಾದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ‘ಇಂದು’ ಹೆಸರಿನಲ್ಲಿ ಕಪ್ಪು-ಬಿಳುಪು ಫಿಲ್ಮ್ ಮಾರಿತು. 1993ರಲ್ಲಿ ಮುಖ್ಯ ಚುನಾವಣಾ ಆಯುಕ್ತ ಟಿ.ಎನ್. ಶೇಷನ್ ಮತದಾರರಿಗೆ ಭಾವಚಿತ್ರದ ಗುರುತಿನ ಚೀಟಿ ತಂದಾಗ, ಎಂದೂ ಸ್ಟುಡಿಯೊ ಮೆಟ್ಟಿಲು ಹತ್ತದ ಹಳ್ಳಿಗರೂ ಕ್ಯಾಮೆರಾ ಮುಂದೆ ಕೂರಬೇಕಾಯಿತು. ಆ ಚೀಟಿಗಳ ಗುಣಮಟ್ಟದ ಬಗ್ಗೆ ಹೆಚ್ಚು ಹೇಳದಿರುವುದೇ ಒಳ್ಳೆಯದು. ಮುಂದೆ ಡಿಜಿಟಲ್ ಕ್ಯಾಮೆರಾ ಬಂತು, ಟಚಪ್ ಕಲೆ ಫೋಟೋಶಾಪ್‌ಗೆ ಸರಿಯಿತು, ಗೂಟದ ಕೋಟನ್ನು ಜೆರಾಕ್ಸ್ ಅಂಗಡಿಯವನು ಮೌಸಿನಲ್ಲೇ ತೊಡಿಸತೊಡಗಿದ.

ಪೆರುಂಗುಡಿಯ ಚಹರೆ ಬದಲಾದದ್ದೂ ಇದೇ ಅವಧಿಯಲ್ಲಿ. ಪಳ್ಳಿಕರಣೆ ಜೌಗುಭೂಮಿಗೂ ಬಕಿಂಗ್‌ಹ್ಯಾಮ್ ಕಾಲುವೆಗೂ ನಡುವೆ ಇದ್ದ ಊರು ಇದು. ಪಕ್ಕದ ತರಮಣಿಯಲ್ಲಿ 2000ದಲ್ಲಿ ಟೈಡಲ್ ಪಾರ್ಕ್ ತೆರೆದ ಮೇಲೆ ಹಳೆಯ ಮಹಾಬಲಿಪುರಂ ರಸ್ತೆ ಐಟಿ ಕಾರಿಡಾರ್ ಆಯಿತು. 2011ರಲ್ಲಿ ಪೆರುಂಗುಡಿ ಚೆನ್ನೈ ಪಾಲಿಕೆಗೆ ಸೇರಿತು. ಕರ್ನಾಟಕದಿಂದಲೂ ಇಲ್ಲಿಗೆ ಕೆಲಸಕ್ಕೆ ಬಂದವರಿದ್ದಾರೆ. ಐಟಿ ನೌಕರಿಯಲ್ಲಿ ಮುಖಚಿತ್ರ ಕಡತದಿಂದ ಪರದೆಗೆ ಹಾರಿತು: 2003ರಲ್ಲಿ ಶುರುವಾದ ಲಿಂಕ್ಡ್‌ಇನ್, ಕಂಪನಿಯ ಬ್ಯಾಡ್ಜು, ವಿಡಿಯೊ ಸಭೆಯ ಚಿಕ್ಕ ಚೌಕ. 2020ರ ಲಾಕ್‌ಡೌನಿನಲ್ಲಿ ಸ್ಟುಡಿಯೊಗಳು ಮುಚ್ಚಿದಾಗ ಉಳಿದದ್ದು ಮನೆಯ ಗೋಡೆ ಮತ್ತು ಮೊಬೈಲು.

ಆ ಮೊಬೈಲಿಗೂ ಚೆನ್ನೈಗೂ ಹಳೆಯ ನಂಟು. ಶ್ರೀಪೆರಂಬುದೂರಿನಲ್ಲಿ 2006ರಿಂದ 2014ರವರೆಗೆ ನೋಕಿಯಾ ಕಾರ್ಖಾನೆ ನಡೆಯಿತು. ಅದೇ ಊರಿನ ಫಾಕ್ಸ್‌ಕಾನ್ ಘಟಕದಲ್ಲಿ 2019ರಿಂದ ಐಫೋನ್ ಜೋಡಣೆಯಾಗುತ್ತಿದೆ. ಐಫೋನಿಗೆ ಮುಂಬದಿ ಕ್ಯಾಮೆರಾ ಬಂದದ್ದು 2010ರ ಐಫೋನ್ 4ರಲ್ಲಿ, 2016ರ ಐಫೋನ್ 7 ಪ್ಲಸ್ ಹಿನ್ನೆಲೆ ಮಬ್ಬಾಗಿಸುವ ಪೋರ್ಟ್ರೇಟ್ ಮೋಡ್ ಕೊಟ್ಟಿತು. ಆದರೆ ಮೊಬೈಲಿನ ಮುಖ್ಯ ಲೆನ್ಸು ಅಗಲ ನೋಟದ್ದು. ಕೈ ಚಾಚಿ ತೆಗೆದರೆ ಮೂಗು ದೊಡ್ಡದಾಗುತ್ತದೆ. ಐದು ಅಡಿ ದೂರದಿಂದ ತೆಗೆದ ಚಿತ್ರಕ್ಕೆ ಹೋಲಿಸಿದರೆ 12 ಅಂಗುಲ ದೂರದಲ್ಲಿ ಮೂಗಿನ ಅಗಲ ಸುಮಾರು ಶೇ 30ರಷ್ಟು ಹೆಚ್ಚು ಕಾಣುತ್ತದೆಂದು 2018ರಲ್ಲಿ ಅಮೆರಿಕದ ಸಂಶೋಧಕರು ಲೆಕ್ಕ ಹಾಕಿದರು. ಇದು ಲೆನ್ಸಿನ ದೋಷವಲ್ಲ, ದೂರದ ಪರಿಣಾಮ. ಹಳೆಯ ಸ್ಟುಡಿಯೊದವರು ಉದ್ದ ಲೆನ್ಸು ಹಾಕಿ ಹಿಂದೆ ಸರಿದು ನಿಲ್ಲುತ್ತಿದ್ದದ್ದು ಇದಕ್ಕೇ. ಮೊಬೈಲನ್ನು ಕಣ್ಣಿನ ಮಟ್ಟಕ್ಕೆ ಸ್ಟ್ಯಾಂಡಿನ ಮೇಲಿಟ್ಟು, ಹಿಂಬದಿ ಕ್ಯಾಮೆರಾದ 2ಎಕ್ಸ್ ಆರಿಸಿ, ಐದಾರು ಅಡಿ ದೂರದಲ್ಲಿ ಕುಳಿತು ಟೈಮರ್ ಒತ್ತಿದರೆ ಅದೇ ಫಲ ಸಿಗುತ್ತದೆ.

ಬೆಳಕಿಗೆ ಕಿಟಕಿಯೇ ಸಾಕು. ಸಮುದ್ರ ಪೂರ್ವಕ್ಕಿರುವ ಪೆರುಂಗುಡಿಯಲ್ಲಿ ಪೂರ್ವದ ಕಿಟಕಿಗೆ ಬೆಳಗ್ಗೆ ಕಣ್ಣು ಕುಕ್ಕುವ ಬಿಸಿಲು; ಮಧ್ಯಾಹ್ನ ದಾಟಿದ ಮೇಲೆ ಅಲ್ಲಿ ಹದವಾದ ನೆರಳ ಬೆಳಕು. ಮುಖ ಕಿಟಕಿಗೆ ಓರೆಯಾಗಿರಬೇಕು, ಇನ್ನೊಂದು ಬದಿಯ ನೆರಳಿಗೆ ಬಿಳಿ ಪಂಚೆಯನ್ನೋ ಥರ್ಮೋಕೋಲ್ ಹಾಳೆಯನ್ನೋ ಒಡ್ಡಬೇಕು. ಬೆನ್ನಿಗೂ ಗೋಡೆಗೂ ಮೂರು ನಾಲ್ಕು ಅಡಿ ಅಂತರವಿದ್ದರೆ ಗೋಡೆಯ ಮೇಲೆ ನೆರಳು ಬೀಳುವುದಿಲ್ಲ. ಚರ್ಮ ನುಣುಪಾಗಿಸುವ ಫಿಲ್ಟರನ್ನು ಆಫ್ ಮಾಡುವುದು ಒಳ್ಳೆಯದು. ಟಚಪ್ ಮೇಜಿನ ಪೆನ್ಸಿಲ್ಲಿಗಿದ್ದ ಮಿತಿ ಅದಕ್ಕಿಲ್ಲ.

ಮುಖಚಿತ್ರವನ್ನು ಮೊದಲು ಕಡ್ಡಾಯ ಮಾಡಿದ ಪಾಸ್‌ಪೋರ್ಟಿಗೇ ಈಗ ಮನೆಯ ಫೋಟೋ ಬೇಕಿಲ್ಲ. ಪಾಸ್‌ಪೋರ್ಟ್ ಸೇವಾ ಕೇಂದ್ರದ ಕೌಂಟರಿನಲ್ಲೇ ಚಿತ್ರ ತೆಗೆಯುತ್ತಾರೆ. ಬಿಳಿ ಹಿನ್ನೆಲೆಯ 4.5×3.5 ಸೆಂ.ಮೀ. ಫೋಟೋ ಹೊರಗಿನಿಂದ ತರಬೇಕಾದವರು ನಾಲ್ಕು ವರ್ಷ ತುಂಬದ ಮಕ್ಕಳು ಮಾತ್ರ.