ಮದ್ದಿನ ಮನೆಯಿಂದ ಬೋರ್‌ವೆಲ್‌ವರೆಗೆ: ಮಂಡ್ಯ ಸೀಮೆಯ ನೈಟ್ರೇಟ್ ಕತೆ

ಶ್ರೀರಂಗಪಟ್ಟಣದ ರೈಲ್ವೆ ಸ್ಟೇಷನ್ ಹತ್ತಿರ ಟಿಪ್ಪು ಕಾಲದ ಒಂದು ಮದ್ದಿನ ಮನೆ ಇದೆ. ಜೋಡಿ ಹಳಿಗೆ ಅಡ್ಡ ಬಂತು ಅಂತ 2017ರಲ್ಲಿ ಅದನ್ನ ಒಡೆಯದೆ, ಇಡೀ ಕಟ್ಟಡವನ್ನೇ ಪಕ್ಕಕ್ಕೆ ಸರಿಸಿದ್ರು. ಅಂಥ ಮನೆಗಳಲ್ಲಿ ಇಡ್ತಿದ್ದ ಮದ್ದಿನಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಪೆಟ್ಲುಪ್ಪು. ಅಂದ್ರೆ ಪೊಟ್ಯಾಸಿಯಂ ನೈಟ್ರೇಟ್. ಇವತ್ತು ಬೋರ್‌ವೆಲ್ ನೀರಿನ ರಿಪೋರ್ಟ್‌ನಲ್ಲಿ ನೈಟ್ರೇಟ್ ಅಂತ ಒಂದು ಸಾಲು ಬರುತ್ತಲ್ಲ, ಅದೇ ಇದು.

ಆಗ ಪೆಟ್ಲುಪ್ಪು ಎಲ್ಲಿಂದ ಬರ್ತಿತ್ತು? ಮಣ್ಣಿಂದ. ಸಗಣಿ, ಗಂಜಲ ಇಳಿದ ಮಣ್ಣಲ್ಲಿ ಸೂಕ್ಷ್ಮಜೀವಿಗಳು ನೈಟ್ರೇಟ್ ಮಾಡ್ತವೆ. ಆ ಮಣ್ಣನ್ನ ನೀರಲ್ಲಿ ಕದಡಿ, ಸೋಸಿ, ಕಾಯಿಸಿದ್ರೆ ಉಪ್ಪು ಸಿಗುತ್ತೆ. ಆ ಕಾಲಕ್ಕೆ ಅದು ರಾಕೆಟ್ ಹಾರಿಸೋ ಬೆಲೆಬಾಳುವ ಸರಕು.

ಮುಂದಿನ ಅಧ್ಯಾಯವೂ ಅದೇ ತಾಲ್ಲೂಕಿನದ್ದು. 1911ರಲ್ಲಿ ಕನ್ನಂಬಾಡಿ ಕಟ್ಟೆ ಕೆಲಸ ಶುರುವಾಯ್ತು. ನಾಲೆ ಹರಿದ ಮೇಲೆ ಭತ್ತ, ಕಬ್ಬು ಬಂತು. ಹಿರೋಡೆ ಅಂತ ಕರೀತಿದ್ದ ಇವತ್ತಿನ ಪಾಂಡವಪುರದ ಚಿತ್ರವೇ ಬದಲಾಯ್ತು. ಬೆಳೆ ಜಾಸ್ತಿ ಆದ್ರೆ ಗೊಬ್ಬರವೂ ಜಾಸ್ತಿ ಬೇಕಲ್ವಾ? 1930ರ ದಶಕದ ಕೊನೆಯಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಕೆಆರ್‌ಎಸ್ ಪಕ್ಕದ ಬೆಳಗೊಳದಲ್ಲಿ ಮೈಸೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಅನ್ನೋ ಕಂಪನಿ ಬಂತು. ಗಾಳಿಯಲ್ಲಿರೋ ನೈಟ್ರೋಜನ್ ಹಿಡಿದು ಅಮೋನಿಯಾ ಮಾಡಿದ ದೇಶದ ಮೊದಮೊದಲ ಕಾರ್ಖಾನೆಗಳಲ್ಲಿ ಅದೂ ಒಂದು. ಅಲ್ಲಿ ತಯಾರಾಗ್ತಿದ್ದ ಗೊಬ್ಬರ ಅಮೋನಿಯಂ ಸಲ್ಫೇಟ್.

ಆಮೇಲೆ ಹಸಿರು ಕ್ರಾಂತಿ ಬಂತು, ಯೂರಿಯಾ ಬಂತು. ಇವತ್ತು 45 ಕೆಜಿ ಚೀಲದ ಬೆಲೆ, ತೆರಿಗೆ ಮತ್ತು ಬೇವಿನ ಲೇಪನದ ಖರ್ಚು ಬಿಟ್ಟು, 242 ರೂಪಾಯಿ. ಉಳಿದದ್ದು ಸರ್ಕಾರದ ಸಬ್ಸಿಡಿ. ಆ ಚೀಲದಲ್ಲಿರೋ ನೈಟ್ರೋಜನ್ ಸುಮಾರು 20 ಕೆಜಿ. ಬೆಳೆ ಹೀರಿಕೊಳ್ಳೋದು ಸಾಮಾನ್ಯವಾಗಿ ಅದರಲ್ಲಿ ಅರ್ಧ, ಇಲ್ಲಾ ಅದಕ್ಕಿಂತ ಕಡಿಮೆ. ಮಿಕ್ಕಿದ್ದರಲ್ಲಿ ಸ್ವಲ್ಪ ಗಾಳಿಗೆ ಹೋಗುತ್ತೆ, ಸ್ವಲ್ಪ ನೈಟ್ರೇಟ್ ಆಗಿ ನೀರಿನ ಜೊತೆ ಕೆಳಕ್ಕಿಳಿಯುತ್ತೆ. ತಿಪ್ಪೆಗುಂಡಿ, ಶೌಚದ ಗುಂಡಿಯದ್ದೂ ಅದಕ್ಕೆ ಸೇರುತ್ತೆ.

ಚೀಲದ ಮೇಲೆ ಬರೆಯದ ಇನ್ನೊಂದು ಬಿಲ್ ಇದೆ. ಅದನ್ನ ಕಟ್ಟೋರು ಬೋರ್‌ವೆಲ್ ನೀರು ಕುಡಿಯೋ ಜನ. ನಾಗಮಂಗಲದಲ್ಲಿ, ಕೆ.ಆರ್.ಪೇಟೆಯ ನಾಲೆ ಮುಟ್ಟದ ಕಡೆ, ಬೆಳೆಗೂ ಕುಡಿಯೋಕೂ ಬೋರ್‌ವೆಲ್ಲನ್ನೇ ನಂಬಿಕೊಂಡ ಊರುಗಳು ಬಹಳ. ಕುಡಿಯೋ ನೀರಲ್ಲಿ ಲೀಟರ್‌ಗೆ 45 ಮಿಲಿಗ್ರಾಂ ನೈಟ್ರೇಟ್, ಇದು ನಮ್ಮ ದೇಶದ ಮಿತಿ. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿ ಪ್ರಕಾರ ಕರ್ನಾಟಕದ ಸುಮಾರು ಅರ್ಧದಷ್ಟು ಮಾದರಿಗಳು ಈ ಮಿತಿ ದಾಟಿವೆ. ಇದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಆದ್ರೆ ಎಳೆ ಮಗುವಿನ ರಕ್ತ ಆಮ್ಲಜನಕ ಸಾಗಿಸೋದನ್ನ ಇದು ತಡೆಯಬಹುದು, ಮೈ ನೀಲಿಗಟ್ಟಬಹುದು. ಮತ್ತೆ ನೆನಪಿಡಿ, ನೀರು ಕಾಯಿಸಿದ್ರೆ ನೈಟ್ರೇಟ್ ಹೋಗಲ್ಲ. ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತೆ.

ಹಾಗಾದ್ರೆ ಊರಿನ ಆರ್‌ಓ ಘಟಕ ಇದೆಯಲ್ಲ, ನಾಣ್ಯ ಹಾಕಿ ಕ್ಯಾನ್ ತುಂಬಿಸ್ಕೊಳ್ಳೋದು? ನಾನು ಓದಿದ್ದು ಬಿಕಾಂ, ಲೆಕ್ಕದ ಭಾಷೆಯಲ್ಲೇ ಹೇಳ್ತೀನಿ. ಆರ್‌ಓ ಮಾಡೋದು ಬರೀ ವರ್ಗಾವಣೆ. ನಿಮ್ಮ ಕ್ಯಾನ್‌ನಿಂದ ತೆಗೆದ ನೈಟ್ರೇಟನ್ನ ಹೊರಬಿಡೋ ನೀರಿನ ಖಾತೆಗೆ ಬರೆಯುತ್ತೆ. ಆ ನೀರು ಚರಂಡಿಗೆ ಹೋಗುತ್ತೆ, ಅಲ್ಲಿಂದ ಮತ್ತೆ ನೆಲಕ್ಕೆ ಇಂಗುತ್ತೆ. ಸಾಲ ತೀರಲಿಲ್ಲ, ಹೆಸರು ಬದಲಾಯ್ತು ಅಷ್ಟೇ.

ಸಾಲ ನಿಜವಾಗ್ಲೂ ತೀರಿಸೋ ದಾರಿಗಳಲ್ಲಿ ಒಂದು ವಿದ್ಯುತ್. ನೀರಲ್ಲಿ ಎರಡು ಫಲಕ ಇಟ್ಟು ಕರೆಂಟ್ ಹರಿಸ್ತಾರೆ. ಋಣ ಫಲಕದ ಮೇಲೆ ತಾಮ್ರ, ಪಲ್ಲಾಡಿಯಂ ಥರದ ವೇಗವರ್ಧಕ ಇರುತ್ತೆ. ನೈಟ್ರೇಟ್ ಅಲ್ಲಿ ಎಲೆಕ್ಟ್ರಾನ್ ಪಡೆದು, ಆಕ್ಸಿಜನ್ ಒಂದೊಂದಾಗಿ ಕಳ್ಕೊಳ್ಳುತ್ತೆ. ಐದು ಎಲೆಕ್ಟ್ರಾನ್ ಪಡೆದ್ರೆ ನೈಟ್ರೋಜನ್ ಅನಿಲವಾಗಿ ಗಾಳಿಗೆ ವಾಪಸ್. ಎಂಟು ಪಡೆದ್ರೆ ಅಮೋನಿಯಾ. ಬೆಳಗೊಳದಲ್ಲಿ ಗಾಳಿಯಿಂದ ಮಾಡ್ತಿದ್ದ ಅದೇ ಅಮೋನಿಯಾ, ಈಗ ಕೊಳಕು ನೀರಿಂದ!

ಕೇಳೋಕೆ ಚೆನ್ನಾಗಿದೆ, ಆದ್ರೆ ತೊಡಕೂ ಇದೆ. ಕೆಲಸ ಅರ್ಧಕ್ಕೆ ನಿಂತ್ರೆ ಉಳಿಯೋದು ನೈಟ್ರೈಟ್, ಅದು ನೈಟ್ರೇಟ್‌ಗಿಂತ ಕೆಟ್ಟದ್ದು. ಗಡಸು ನೀರಾದ್ರೆ ಸುಣ್ಣದಂಶ ಫಲಕದ ಮೇಲೆ ಕಟ್ಕೊಳ್ಳುತ್ತೆ. ಸ್ವಲ್ಪ ಕರೆಂಟು ಹೈಡ್ರೋಜನ್ ಮಾಡೋದ್ರಲ್ಲೇ ಪೋಲಾಗುತ್ತೆ. ಹಾಗಾಗಿ ಇದು ಇನ್ನೂ ಹೆಚ್ಚಾಗಿ ಪ್ರಯೋಗಾಲಯದಲ್ಲೇ ಇದೆ, ಊರಿನ ನಲ್ಲಿಗೆ ಬಂದಿಲ್ಲ. ಬರೋದಾದ್ರೆ ಮೊದಲು ಆರ್‌ಓ ಘಟಕದ ಹೊರಪೈಪಿಗೆ ಬರಲಿ ಅನ್ನೋದು ನನ್ನ ಮಾತು. ಅಲ್ಲಿ ನೈಟ್ರೇಟ್ ಗಟ್ಟಿಯಾಗಿರುತ್ತೆ, ಉಪ್ಪಿನಂಶ ಇರೋದ್ರಿಂದ ಕರೆಂಟೂ ಸಲೀಸಾಗಿ ಹರಿಯುತ್ತೆ.

1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕಳಿಸಿದ ಸೀಮೆ ನಮ್ದು. ಚಿನ್ನಕ್ಕೆ ಸಿಕ್ಕ ಕರೆಂಟು ಕುಡಿಯೋ ನೀರಿಗೂ ಸಿಗಬೇಕು. ಆದ್ರೆ ಯಂತ್ರ ಬರೋವರೆಗೆ ಚೀಲ ಸುರಿಯೋದನ್ನ ನಿಲ್ಲಿಸದಿದ್ರೆ, ಒಂದು ಕಡೆ ಸಬ್ಸಿಡಿ ಕೊಟ್ಟು ನೆಲಕ್ಕಿಳಿಸ್ತೀವಿ, ಇನ್ನೊಂದು ಕಡೆ ಕರೆಂಟ್ ಬಿಲ್ ಕಟ್ಟಿ ಎತ್ತುತೀವಿ. ಮಣ್ಣು ಪರೀಕ್ಷೆ ಮಾಡಿಸಿ ಬೇಕಾದಷ್ಟೇ ಗೊಬ್ಬರ ಹಾಕೋದು ಎಲ್ಲಕ್ಕಿಂತ ಅಗ್ಗದ ಯಂತ್ರ.

ಮನೇಲಿ ಎಳೆ ಮಗು ಇದ್ದು, ಬೋರ್‌ವೆಲ್ ನೀರೇ ಬಳಸ್ತಿದ್ರೆ, ನೀರನ್ನ ಒಮ್ಮೆ ಪರೀಕ್ಷೆ ಮಾಡಿಸಿ. ರಿಪೋರ್ಟ್‌ನಲ್ಲಿ 45 ಅನ್ನೋ ಸಂಖ್ಯೆ ನೆನಪಿರಲಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.