ಜರ್ಮನಿಯಲ್ಲಿ ಒಂದು ಸೆಮಿಸ್ಟರ್ ವ್ಯಾಸಂಗ: ಹೊರಡುವ ಮುನ್ನ ವಿದ್ಯಾರ್ಥಿಗಳು ಕೈಗೊಳ್ಳಬೇಕಾದ ಸಿದ್ಧತೆಗಳು

ಪೀಠಿಕೆ

ಕರ್ನಾಟಕದ ವಿಶ್ವವಿದ್ಯಾಲಯ ಹಾಗೂ ಕಾಲೇಜುಗಳಲ್ಲಿ ವ್ಯಾಸಂಗ ಮಾಡುತ್ತಿದ್ದು, ವಿನಿಮಯ ಕಾರ್ಯಕ್ರಮದಡಿ ಒಂದು ಸೆಮಿಸ್ಟರ್ ಅವಧಿಗೆ ಜರ್ಮನಿಗೆ ತೆರಳುವ ವಿದ್ಯಾರ್ಥಿಗಳು ಮತ್ತು ಅವರ ಪೋಷಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಪೂರ್ಣಾವಧಿ ಪದವಿಗೆ ತೆರಳುವವರು ಒಂದು ತಿಂಗಳ ವಿಳಂಬವನ್ನು ಹೇಗಾದರೂ ಸರಿದೂಗಿಸಿಕೊಳ್ಳಬಹುದು. ಒಂದೇ ಸೆಮಿಸ್ಟರಿಗೆ ತೆರಳುವವರಿಗೆ ಆ ಅವಕಾಶವಿಲ್ಲ. ವೀಸಾ ತಡವಾದಲ್ಲಿ ಅಲ್ಲಿನ ತರಗತಿಗಳು ಕೈತಪ್ಪುತ್ತವೆ. ಅಷ್ಟರಲ್ಲಿ ಇಲ್ಲಿನ ಸೆಮಿಸ್ಟರಿನ ನೋಂದಣಿಯೂ ಮುಗಿದಿರುತ್ತದೆ. ಆದ್ದರಿಂದ ಪ್ರಯಾಣದ ದಿನಾಂಕದಿಂದ ಹಿಂದಕ್ಕೆ ಲೆಕ್ಕ ಹಾಕಿ, ಕನಿಷ್ಠ ಎಂಟು ತಿಂಗಳ ಮೊದಲೇ ಸಿದ್ಧತೆ ಆರಂಭಿಸುವುದು ಸೂಕ್ತ.

1. ಎರಡು ಕ್ಯಾಲೆಂಡರುಗಳ ಹೊಂದಾಣಿಕೆ

ಜರ್ಮನಿಯ ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ ಹಾಗೂ ಬೇಸಿಗೆಯ ಸೆಮಿಸ್ಟರ್ ಏಪ್ರಿಲ್ 1ರಿಂದ ಸೆಪ್ಟೆಂಬರ್ 30ರವರೆಗೆ ಇರುತ್ತದೆ. ಚಳಿಗಾಲದ ಸೆಮಿಸ್ಟರಿನ ತರಗತಿಗಳು ಸಾಮಾನ್ಯವಾಗಿ ಅಕ್ಟೋಬರ್ ಮಧ್ಯಭಾಗದಿಂದ ಫೆಬ್ರವರಿ ಮಧ್ಯಭಾಗದವರೆಗೆ ನಡೆದು, ಆ ಬಳಿಕ ಪರೀಕ್ಷೆಗಳು ಜರುಗುತ್ತವೆ. ಆ ವೇಳೆಗೆ ನಮ್ಮಲ್ಲಿ ಸಮ ಸೆಮಿಸ್ಟರ್ ಆರಂಭವಾಗಿರುವುದು ಸಾಮಾನ್ಯ. ಹಿಂದಿರುಗಿದ ನಂತರ ಹಾಜರಾತಿ ಕೊರತೆಯ ಪ್ರಶ್ನೆ ಉದ್ಭವಿಸದಂತೆ ತಮ್ಮ ಕಾಲೇಜಿನ ಪ್ರಾಂಶುಪಾಲರಿಂದ ಹಾಗೂ ವಿಶ್ವವಿದ್ಯಾಲಯದಿಂದ ಮುಂಚಿತವಾಗಿ ಲಿಖಿತ ಅನುಮತಿ ಪಡೆಯತಕ್ಕದ್ದು. ಮೌಖಿಕ ಭರವಸೆಯನ್ನು ಅವಲಂಬಿಸಬಾರದು.

2. ಕ್ರೆಡಿಟ್ ಮಾನ್ಯತೆ

ಯುರೋಪಿನ ಕ್ರೆಡಿಟ್ ಪದ್ಧತಿಯಂತೆ ಒಂದು ಸೆಮಿಸ್ಟರಿನ ಪೂರ್ಣ ವ್ಯಾಸಂಗಕ್ಕೆ 30 ಕ್ರೆಡಿಟ್‌ಗಳು ನಿಗದಿಯಾಗಿವೆ. ಜರ್ಮನಿಯಲ್ಲಿ 1.0 ಅತ್ಯುತ್ತಮ ಶ್ರೇಣಿ, 4.0 ಉತ್ತೀರ್ಣತೆಯ ಕನಿಷ್ಠ ಮಟ್ಟ. ಇದು ನಮ್ಮ ಹತ್ತು ಅಂಕಗಳ ಶ್ರೇಣಿ ಪದ್ಧತಿಗೆ ವಿರುದ್ಧ ದಿಕ್ಕಿನಲ್ಲಿರುವುದರಿಂದ, ಅಂಕಪಟ್ಟಿಯಲ್ಲಿ 1.3 ಎಂದು ಬಂದಲ್ಲಿ ಅದು ಉತ್ತಮ ಸಾಧನೆಯೇ ಹೊರತು ಅನುತ್ತೀರ್ಣತೆಯಲ್ಲ. ಹೊರಡುವ ಮುನ್ನವೇ ಈ ಕೆಳಕಂಡ ಅಂಶಗಳನ್ನು ಒಳಗೊಂಡ ವ್ಯಾಸಂಗ ಒಪ್ಪಂದಕ್ಕೆ ಉಭಯ ಸಂಸ್ಥೆಗಳ ಸಹಿ ಪಡೆಯಬೇಕು:

ಅ) ಅಲ್ಲಿ ಓದುವ ಪ್ರತಿ ವಿಷಯ ಇಲ್ಲಿನ ಯಾವ ವಿಷಯಕ್ಕೆ ಸಮ;
ಆ) ಅಲ್ಲಿನ ಶ್ರೇಣಿಯನ್ನು ಇಲ್ಲಿನ ಶ್ರೇಣಿಗೆ ಪರಿವರ್ತಿಸುವ ಕ್ರಮ;
ಇ) ಇಲ್ಲಿ ಬಿಟ್ಟುಹೋಗುವ ಕಡ್ಡಾಯ ವಿಷಯಗಳನ್ನು ಮುಂದೆ ಪೂರೈಸುವ ವಿಧಾನ.

3. ಎಲ್ಲ ದಾಖಲೆಗಳಲ್ಲಿ ಒಂದೇ ಹೆಸರು

ನಮ್ಮ ರಾಜ್ಯದ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕಾದ ಅಂಶವಿದು. ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಹೆಸರಿನೊಂದಿಗೆ ಬರೆಯುವುದು ನಮ್ಮಲ್ಲಿ ರೂಢಿ. ಆದರೆ ಪಾಸ್‌ಪೋರ್ಟ್ ಅರ್ಜಿಯಲ್ಲಿ ಮೊದಲಕ್ಷರಗಳಿಗೆ ಅವಕಾಶವಿಲ್ಲ. ಅವುಗಳನ್ನು ವಿಸ್ತರಿಸಿಯೇ ಬರೆಯಬೇಕು. ಉದಾಹರಣೆಗೆ, ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ 'ಮಂಜುನಾಥ ಕೆ. ಎಸ್.' ಎಂದಿರುವ ಅಭ್ಯರ್ಥಿ ಪಾಸ್‌ಪೋರ್ಟಿನಲ್ಲಿ 'ಕೆಂಗೇರಿ ಶಿವಣ್ಣ ಮಂಜುನಾಥ' ಆಗಬಹುದು. ವಿದೇಶಿ ಅಧಿಕಾರಿಯ ದೃಷ್ಟಿಯಲ್ಲಿ ಇವರು ಇಬ್ಬರು ಬೇರೆ ಬೇರೆ ವ್ಯಕ್ತಿಗಳು.

ಆದ್ದರಿಂದ ಪ್ರವೇಶ ಪತ್ರ, ವಿಮೆ, ಬ್ಯಾಂಕ್ ಖಾತೆ ಮತ್ತು ವಿಮಾನದ ಟಿಕೆಟ್ ಇವೆಲ್ಲವನ್ನೂ ಪಾಸ್‌ಪೋರ್ಟಿನಲ್ಲಿರುವ ಹೆಸರಿನಲ್ಲಿಯೇ, ಅದೇ ಕಾಗುಣಿತದಲ್ಲಿಯೇ ಪಡೆಯತಕ್ಕದ್ದು. ಅಂಕಪಟ್ಟಿಯಲ್ಲಿನ ವ್ಯತ್ಯಾಸ ಮೊದಲಕ್ಷರಗಳಿಗಷ್ಟೇ ಸೀಮಿತವಾಗಿದ್ದಲ್ಲಿ, ಎರಡೂ ಹೆಸರುಗಳು ಒಬ್ಬರದೇ ಎಂಬ ನೋಟರಿ ಪ್ರಮಾಣಪತ್ರವನ್ನೂ ತಮ್ಮ ವಿಶ್ವವಿದ್ಯಾಲಯದ ದೃಢೀಕರಣ ಪತ್ರವನ್ನೂ ಸಿದ್ಧಪಡಿಸಿಕೊಳ್ಳುವುದು ಒಳಿತು. ಹೆಸರು ಅಥವಾ ಜನ್ಮದಿನಾಂಕವೇ ತಪ್ಪಾಗಿದ್ದಲ್ಲಿ, ತಾವು ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಗೆ ತಿದ್ದುಪಡಿ ಕೋರಬೇಕಾಗುತ್ತದೆ. ಇದಕ್ಕೆ ಸಾಕಷ್ಟು ಕಾಲಾವಕಾಶ ಬೇಕಾಗುವುದರಿಂದ ಎಲ್ಲಕ್ಕಿಂತ ಮೊದಲು ಕೈಗೊಳ್ಳಬೇಕಾದ ಕೆಲಸವಿದು.

4. ದಾಖಲೆಗಳ ದೃಢೀಕರಣ

ವಿದೇಶಕ್ಕೆ ಹೊರಡುವವರೆಲ್ಲರೂ ಅಪೊಸ್ಟಿಲ್ ಮುದ್ರೆ ಹಾಕಿಸಲೇಬೇಕೆಂಬ ಅಭಿಪ್ರಾಯ ಸಾರ್ವಜನಿಕರಲ್ಲಿದೆ. ಇದು ಸರಿಯಲ್ಲ. ಅಪೊಸ್ಟಿಲ್ ಕುರಿತ 1961ರ ಹೇಗ್ ಒಪ್ಪಂದವು ಭಾರತಕ್ಕೆ 2005ರ ಜುಲೈ 14ರಿಂದ ಅನ್ವಯವಾಗಿದೆ. ಆದರೆ ಭಾರತದ ಸೇರ್ಪಡೆಗೆ ಜರ್ಮನಿಯು ಆಕ್ಷೇಪಣೆ ಸಲ್ಲಿಸಿರುವುದರಿಂದ ಉಭಯ ದೇಶಗಳ ನಡುವೆ ಅದು ಜಾರಿಗೆ ಬಂದಿಲ್ಲ. ಸಂಬಂಧಪಟ್ಟ ವಿಶ್ವವಿದ್ಯಾಲಯ ಅಥವಾ ದೂತಾವಾಸ ಲಿಖಿತವಾಗಿ ಕೇಳದ ಹೊರತು ಮಧ್ಯವರ್ತಿಗಳ ಮಾತು ನಂಬಿ ಇದಕ್ಕಾಗಿ ಹಣ ವ್ಯಯಿಸಬಾರದು.

ಭಾರತೀಯ ವಿದ್ಯಾರ್ಥಿಗಳ ಶೈಕ್ಷಣಿಕ ದಾಖಲೆಗಳನ್ನು ಪರಿಶೀಲಿಸಿ ಪ್ರಮಾಣಪತ್ರ ನೀಡುವ ಎ.ಪಿ.ಎಸ್. ಕೇಂದ್ರವು ನವದೆಹಲಿಯಲ್ಲಿದೆ. ಜರ್ಮನಿಯ ವ್ಯಾಸಂಗ ವೀಸಾಗೆ 2022ರ ನವೆಂಬರ್ 1ರಿಂದ ಈ ಪ್ರಮಾಣಪತ್ರ ಅಗತ್ಯವಾಗಿದ್ದು, ಕೆಲವು ವರ್ಗದ ಅರ್ಜಿದಾರರಿಗೆ ವಿನಾಯಿತಿ ಇದೆ. ತಮ್ಮ ಕಾರ್ಯಕ್ರಮಕ್ಕೆ ವಿನಾಯಿತಿ ಅನ್ವಯಿಸುವುದೇ ಎಂಬುದನ್ನು ಆಯ್ಕೆಯಾದ ಕೂಡಲೇ ವಿಚಾರಿಸಿ ಖಚಿತಪಡಿಸಿಕೊಳ್ಳತಕ್ಕದ್ದು.

5. ವೀಸಾ

90 ದಿನಗಳಿಗಿಂತ ಹೆಚ್ಚಿನ ವಾಸ್ತವ್ಯಕ್ಕೆ 'ಡಿ' ವರ್ಗದ ರಾಷ್ಟ್ರೀಯ ವೀಸಾ ಅಗತ್ಯ. ಇದರ ಶುಲ್ಕ 75 ಯೂರೋ. ಬೇಗ ದೊರೆಯುವುದೆಂಬ ಕಾರಣಕ್ಕೆ ಅಲ್ಪಾವಧಿಯ ಷೆಂಗೆನ್ ವೀಸಾ ಪಡೆದು ತೆರಳಿ, ಅಲ್ಲಿ ಅದನ್ನು ವ್ಯಾಸಂಗದ ಪರವಾನಗಿಯಾಗಿ ಬದಲಾಯಿಸಿಕೊಳ್ಳಬಹುದೆಂದು ಭಾವಿಸಬಾರದು. ಕರ್ನಾಟಕದ ನಿವಾಸಿಗಳ ಅರ್ಜಿಗಳು ಬೆಂಗಳೂರಿನಲ್ಲಿರುವ ಜರ್ಮನಿಯ ಪ್ರಧಾನ ದೂತಾವಾಸದ ವ್ಯಾಪ್ತಿಗೆ ಬರುತ್ತವೆ.

ವೀಸಾ ನಿರಾಕರಣೆಯಾದಲ್ಲಿ ದೂತಾವಾಸಕ್ಕೇ ಮರುಪರಿಶೀಲನೆ ಕೋರುವ ಪದ್ಧತಿಯನ್ನು 2025ರ ಜುಲೈ 1ರಿಂದ ರದ್ದುಪಡಿಸಲಾಗಿದೆ. ಈಗ ಹೊಸದಾಗಿ ಅರ್ಜಿ ಸಲ್ಲಿಸುವುದು ಅಥವಾ ಜರ್ಮನಿಯ ನ್ಯಾಯಾಲಯದ ಮೊರೆ ಹೋಗುವುದು, ಇವೆರಡೇ ಮಾರ್ಗಗಳು. ಒಂದು ಸೆಮಿಸ್ಟರಿನ ವಿದ್ಯಾರ್ಥಿಗೆ ಇವೆರಡಕ್ಕೂ ಸಮಯ ಸಾಲುವುದು ಕಷ್ಟ. ಆದ್ದರಿಂದ ಮೊದಲ ಅರ್ಜಿಯೇ ಪರಿಪೂರ್ಣವಾಗಿರುವಂತೆ ನೋಡಿಕೊಳ್ಳಬೇಕು.

6. ಹಣಕಾಸು ಮತ್ತು ವಿಮೆ

ಜೀವನ ನಿರ್ವಹಣೆಗೆ ಹಣವಿರುವುದನ್ನು ವೀಸಾ ಹಂತದಲ್ಲಿಯೇ ರುಜುವಾತುಪಡಿಸಬೇಕು. 2024ರ ಸೆಪ್ಟೆಂಬರ್‌ನಲ್ಲಿ ನಿಗದಿಯಾದಂತೆ ಈ ಮೊತ್ತ ತಿಂಗಳಿಗೆ 992 ಯೂರೋ, ಅಂದರೆ ವರ್ಷಕ್ಕೆ 11,904 ಯೂರೋ. ಪ್ರತಿ ತಿಂಗಳು ನಿಗದಿತ ಮೊತ್ತವನ್ನಷ್ಟೇ ಹಿಂಪಡೆಯಲು ಅವಕಾಶವಿರುವ ನಿರ್ಬಂಧಿತ ಖಾತೆಯಲ್ಲಿ ಇದನ್ನು ಇರಿಸುವುದು ಸಾಮಾನ್ಯ ಕ್ರಮ. ವಿದ್ಯಾರ್ಥಿವೇತನ ಪಡೆಯುವವರು ಮಂಜೂರಾತಿ ಪತ್ರವನ್ನು ಸಲ್ಲಿಸಬಹುದು. ತಮ್ಮ ವಾಸ್ತವ್ಯದ ಅವಧಿಗೆ ಎಷ್ಟು ಮೊತ್ತ ತೋರಿಸಬೇಕೆಂಬುದನ್ನು ಅರ್ಜಿಗೆ ಮುನ್ನ ದೃಢಪಡಿಸಿಕೊಳ್ಳಬೇಕು.

ಭಾರತೀಯ ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ ಒಬ್ಬ ವ್ಯಕ್ತಿ ಒಂದು ಹಣಕಾಸು ವರ್ಷದಲ್ಲಿ 2,50,000 ಅಮೆರಿಕನ್ ಡಾಲರ್‌ವರೆಗೆ ಕಳುಹಿಸಬಹುದು. ಪ್ಯಾನ್ ಸಂಖ್ಯೆ ಅಗತ್ಯ. 2025ರ ಏಪ್ರಿಲ್ 1ರಿಂದ ವರ್ಷಕ್ಕೆ 10 ಲಕ್ಷ ರೂಪಾಯಿವರೆಗಿನ ರವಾನೆಗೆ ಮೂಲದಲ್ಲಿ ತೆರಿಗೆ ಸಂಗ್ರಹಿಸಲಾಗುವುದಿಲ್ಲ.

ಜರ್ಮನಿಯಲ್ಲಿ ಆರೋಗ್ಯ ವಿಮೆ ಇಲ್ಲದೆ ವಿಶ್ವವಿದ್ಯಾಲಯದ ದಾಖಲಾತಿ ಆಗುವುದಿಲ್ಲ. 30 ವರ್ಷದೊಳಗಿನ ವಿದ್ಯಾರ್ಥಿಗಳು ಸಾಮಾನ್ಯವಾಗಿ ಅಲ್ಲಿನ ಸಾರ್ವಜನಿಕ ವಿಮೆಗೆ ಸೇರಬೇಕು. ಇಲ್ಲಿ ಕೊಳ್ಳುವ ಪ್ರವಾಸಿ ವಿಮೆಯು ದಾಖಲಾತಿಗೆ ಮುಂಚಿನ ದಿನಗಳಿಗೆ ಉಪಯುಕ್ತವೇ ಹೊರತು ಇದಕ್ಕೆ ಪರ್ಯಾಯವಲ್ಲ.

7. ಸಾಮಾನು ಸರಂಜಾಮು

ಮೂಲ ದಾಖಲೆಗಳನ್ನು ಕೈಚೀಲದಲ್ಲಿಯೇ ಒಯ್ಯಬೇಕು. ಒಂದು ಪ್ರತಿಯನ್ನು ಮನೆಯಲ್ಲಿ ಇರಿಸಬೇಕು. ನಿತ್ಯ ಸೇವಿಸುವ ಔಷಧಿಗಳಿದ್ದಲ್ಲಿ ಅವುಗಳ ರಾಸಾಯನಿಕ ಹೆಸರುಗಳಿರುವ ವೈದ್ಯರ ಚೀಟಿ ಜೊತೆಗಿರಲಿ. ಐರೋಪ್ಯ ಒಕ್ಕೂಟದ ಹೊರಗಿನಿಂದ ಬರುವ ಪ್ರಯಾಣಿಕರು ಮಾಂಸ ಹಾಗೂ ಹಾಲಿನ ಉತ್ಪನ್ನಗಳನ್ನು ತರುವುದು ನಿಷಿದ್ಧ. ಮನೆಯವರು ಪ್ರೀತಿಯಿಂದ ಕಟ್ಟಿಕೊಡುವ ತುಪ್ಪ, ಧಾರವಾಡ ಪೇಡ ಇತ್ಯಾದಿಗಳೂ ಈ ನಿಷೇಧಕ್ಕೆ ಒಳಪಡುತ್ತವೆ.

8. ತಲುಪಿದ ನಂತರ

ಅ) ವಾಸಸ್ಥಳಕ್ಕೆ ಸೇರಿದ ಎರಡು ವಾರಗಳೊಳಗೆ ಸ್ಥಳೀಯ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಇದಕ್ಕೆ ಮನೆ ಮಾಲೀಕರ ಲಿಖಿತ ದೃಢೀಕರಣ ಬೇಕು. ಅದನ್ನು ನೀಡಲು ಒಪ್ಪದವರ ಕೊಠಡಿಗೆ ಮುಂಗಡ ಪಾವತಿಸಬಾರದು.
ಆ) ವಾಸ್ತವ್ಯ ವೀಸಾದ ಅವಧಿಯನ್ನು ಮೀರುವಂತಿದ್ದಲ್ಲಿ, ಅದು ಮುಗಿಯುವ ಮುನ್ನವೇ ವಿದೇಶಿಯರ ಕಚೇರಿಯಲ್ಲಿ ವಾಸ ಪರವಾನಗಿಗೆ ಅರ್ಜಿ ಸಲ್ಲಿಸಬೇಕು.
ಇ) ಭಾರತ ಸರ್ಕಾರದ ವಿದೇಶಾಂಗ ಸಚಿವಾಲಯವು 2015ರಲ್ಲಿ ಆರಂಭಿಸಿದ 'ಮದದ್' ಜಾಲತಾಣದಲ್ಲಿ ವಿವರ ನೋಂದಾಯಿಸಿಕೊಳ್ಳಬೇಕು. ಭಾರತದ ರಾಯಭಾರ ಕಚೇರಿ ಬರ್ಲಿನ್‌ನಲ್ಲಿಯೂ, ಪ್ರಧಾನ ದೂತಾವಾಸಗಳು ಫ್ರಾಂಕ್‌ಫರ್ಟ್, ಹ್ಯಾಂಬರ್ಗ್ ಮತ್ತು ಮ್ಯೂನಿಕ್ ನಗರಗಳಲ್ಲಿಯೂ ಇವೆ.
ಈ) ತುರ್ತು ಸಂದರ್ಭದಲ್ಲಿ ಪೊಲೀಸ್ ನೆರವಿಗೆ 110, ಆಂಬುಲೆನ್ಸ್ ಹಾಗೂ ಅಗ್ನಿಶಾಮಕ ಸೇವೆಗೆ 112 ಸಂಖ್ಯೆಗೆ ಕರೆ ಮಾಡಬೇಕು.

9. ಕಾಲಾನುಕ್ರಮ (ಅಕ್ಟೋಬರ್‌ನಲ್ಲಿ ಹೊರಡುವವರಿಗೆ)

ಫೆಬ್ರವರಿಯೊಳಗೆ: ಅಂಕಪಟ್ಟಿ ಮತ್ತು ಪಾಸ್‌ಪೋರ್ಟಿನ ಹೆಸರು ಹೋಲಿಕೆ, ಪಾಸ್‌ಪೋರ್ಟ್ ಅವಧಿಯ ಪರಿಶೀಲನೆ.
ಮಾರ್ಚ್–ಏಪ್ರಿಲ್: ವಿಶ್ವವಿದ್ಯಾಲಯದ ಅನುಮತಿ, ವ್ಯಾಸಂಗ ಒಪ್ಪಂದ, ಎ.ಪಿ.ಎಸ್. ಕುರಿತು ವಿಚಾರಣೆ.
ಮೇ–ಜೂನ್: ಹಣಕಾಸಿನ ವ್ಯವಸ್ಥೆ, ವಸತಿ, ವೀಸಾ ಅರ್ಜಿ.
ಆಗಸ್ಟ್–ಸೆಪ್ಟೆಂಬರ್: ವಿಮೆ, ಟಿಕೆಟ್, ದಾಖಲೆಗಳ ಪ್ರತಿಗಳು.

ವಿಶೇಷ ಸೂಚನೆ: ಶುಲ್ಕ, ಮೊತ್ತ ಹಾಗೂ ನಿಯಮಗಳು ಕಾಲಕಾಲಕ್ಕೆ ಪರಿಷ್ಕರಣೆಗೆ ಒಳಪಡುತ್ತವೆ. ಅರ್ಜಿ ಸಲ್ಲಿಸುವ ಮುನ್ನ ಸಂಬಂಧಪಟ್ಟ ದೂತಾವಾಸ ಮತ್ತು ವಿಶ್ವವಿದ್ಯಾಲಯದ ಅಧಿಕೃತ ಪ್ರಕಟಣೆಗಳನ್ನು ಪರಿಶೀಲಿಸಿಕೊಳ್ಳಲು ಕೋರಲಾಗಿದೆ.